ಶಿವಮೊಗ್ಗದ ಲೋಕಸಭಾ ಸದಸ್ಯರ ವಾರ

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಚರಿತ್ರೆಯಲ್ಲಿ ವಾಚಕರು ಲಕ್ಷ್ಯವಿಟ್ಟು ನೋಡತಕ್ಕ ಒಂದು ಸ್ವಾರಸ್ಯವುಂಟು. ೧೯೫೨ ಮತ್ತು ೧೯೫೭ರ ಚುನಾವಣೆಗಳಲ್ಲಿ ಇಲ್ಲಿಂದ ಆಯ್ಕೆಯಾದವರು ಕೆ. ಜಿ. ಒಡೆಯರು. ತರುವಾಯ ೧೯೬೨ರಲ್ಲಿ ಆಯ್ಕೆಯಾದವರು ಎಸ್. ವಿ. ಕೃಷ್ಣಮೂರ್ತಿರಾಯರು. ರಾಜ್ಯಸಭೆಯ ಮೊದಲ ಉಪಸಭಾಪತಿಯಾಗಿದ್ದ ರಾಯರು ಮೂರನೆಯ ಲೋಕಸಭೆಯಲ್ಲಿ ಡೆಪ್ಯುಟಿ ಸ್ಪೀಕರ್ ಸ್ಥಾನವನ್ನು ಅಲಂಕರಿಸಿದರು. ಕ್ಷೇತ್ರಕ್ಕೆ ಅದೊಂದು ದೊಡ್ಡ ಗೌರವವೇ ಸರಿ. ಆದರೆ ಆ ಪೀಠದ ಧರ್ಮವೇ ಬೇರೆ. ಅಲ್ಲಿ ಕುಳಿತವರು ಇತರರಿಗೆ ಮಾತನಾಡಲು ಅವಕಾಶ ಕೊಡಬೇಕು, ಮಾತು ಮಿತಿಮೀರಿದಾಗ ತಡೆಯಬೇಕು. ತಾವು ಮಂತ್ರಿಗಳನ್ನು ಪ್ರಶ್ನೆ ಕೇಳುವಂತಿಲ್ಲ. ೧೯೬೭ರಲ್ಲಿ ಇದೇ ಕ್ಷೇತ್ರದ ಮತದಾರರು ಸಂಯುಕ್ತ ಸಮಾಜವಾದಿ ಪಕ್ಷದ ಜೆ. ಎಚ್. ಪಟೇಲರನ್ನು ಕಳುಹಿಸಿದರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಈ ಪಟೇಲರಿಗೆ ಆಗ ಮೂವತ್ತಾರು ವರ್ಷ. ಪೀಠದಲ್ಲಿ ಕುಳಿತ ಪ್ರತಿನಿಧಿಯ ಸ್ಥಾನಕ್ಕೆ, ಎದುರು ಬೆಂಚಿನಿಂದ ಎದ್ದುನಿಂತು ಕೇಳುವ ಪ್ರತಿನಿಧಿ ಬಂದಂತಾಯಿತು.

ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂಬುದು ನಮ್ಮ ನಾಡಿನಲ್ಲಿ ಸರ್ವವಿದಿತವಾದ ಸಂಗತಿ. ಆಗ ಸ್ಪೀಕರ್ ಆಗಿದ್ದವರು ನೀಲಂ ಸಂಜೀವರೆಡ್ಡಿಯವರು. ಕನ್ನಡ ಸೀಮೆಗೆ ಅಂಟಿಕೊಂಡಿರುವ ಅನಂತಪುರ ಜಿಲ್ಲೆಯವರು. ಅವರು ಅನುಮತಿ ನೀಡಿದರು. ಸಂವಿಧಾನದ ೧೨೦ನೆಯ ಅನುಚ್ಛೇದವನ್ನು ಒಮ್ಮೆ ತೆರೆದು ನೋಡಿರಿ. ಸಂಸತ್ತಿನ ಕಲಾಪವು ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನಡೆಯತಕ್ಕದ್ದು. ಈ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ವ್ಯಕ್ತಪಡಿಸಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು, ಎಂದು ಅಲ್ಲಿದೆ. ಅಂದರೆ ಮಾತೃಭಾಷೆಯು ಅಸಮರ್ಥನಿಗೆ ತೋರಿದ ಒಂದು ರಿಯಾಯಿತಿ. ಪಟೇಲರೋ ಕಾನೂನು ಪದವೀಧರರು. ಇಂಗ್ಲಿಷ್ ಬಾರದವರೇನೂ ಆಗಿರಲಿಲ್ಲ. ‘ಸಮರ್ಪಕವಾಗಿ’ ಎಂಬ ಆ ಒಂದು ಪದಕ್ಕೆ ಅವರ ಕನ್ನಡವು ಬೇರೊಂದು ಅರ್ಥವನ್ನು ಒದಗಿಸಿತೆಂದು ನಾನು ತಿಳಿಯುತ್ತೇನೆ. ತನ್ನ ಮತದಾರನ ಕಷ್ಟವನ್ನು ಮತದಾರನ ಮಾತಿನಲ್ಲಿಯೇ ಹೇಳುವುದಕ್ಕಿಂತ ಸಮರ್ಪಕವಾದ ರೀತಿ ಮತ್ತಾವುದು?

ಇದರ ಹಿಂದೆ ಡಾಕ್ಟರ್ ರಾಮಮನೋಹರ ಲೋಹಿಯಾ ಅವರ ಭಾಷಾನೀತಿಯ ಪ್ರೇರಣೆಯಿತ್ತು. ಲೋಹಿಯಾ ಅವರಿಗೂ ಈ ಜಿಲ್ಲೆಗೂ ಹಳೆಯ ನಂಟು. ೧೯೫೧ರ ಕಾಗೋಡು ಸತ್ಯಾಗ್ರಹದ ಕಾಲದಲ್ಲಿ ಅವರು ಸಾಗರಕ್ಕೆ ಬಂದು ಬಂಧನಕ್ಕೊಳಗಾದವರು. ೧೯೬೭ರ ಅಕ್ಟೋಬರ್ ೧೨ರಂದು ತೀರಿಕೊಳ್ಳುವವರೆಗೆ ಅವರೂ ಅದೇ ಲೋಕಸಭೆಯ ಸದಸ್ಯರಾಗಿದ್ದರು. ಇಂಗ್ಲಿಷಿನ ಯಜಮಾನಿಕೆ ಹೋಗಬೇಕೆಂಬುದು ಅವರ ವಾದ. ಉತ್ತರದವರು ಅದರಿಂದ ಹಿಂದಿಯನ್ನು ಎತ್ತಿಕೊಂಡರು. ಶಿವಮೊಗ್ಗದ ಸದಸ್ಯರು ಕನ್ನಡವನ್ನು ಎತ್ತಿಕೊಂಡರು. ಐನೂರಕ್ಕೂ ಮಿಕ್ಕ ಸದಸ್ಯರಿದ್ದ ಆ ಸಭೆಗೆ ಮೈಸೂರು ರಾಜ್ಯದಿಂದ ಹೋದವರು ಇಪ್ಪತ್ತೇಳೇ ಮಂದಿ. ಅದೇ ೧೯೬೭ರಲ್ಲಿ ತೀರ್ಥಹಳ್ಳಿಯಿಂದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಮರಳಿದ್ದರೆಂಬುದನ್ನು ಇದರೊಡನೆ ಸೇರಿಸಿ ನೆನೆಯಬೇಕು.

ಆದರೆ ನಮ್ಮ ವೇದಿಕೆಗಳಲ್ಲಿ ಪಟೇಲರ ಕನ್ನಡವನ್ನು ಕೊಂಡಾಡುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಯಾವ ಭಾಷೆಯಲ್ಲಿ ಮಾತನಾಡಿದರೆಂಬುದು ಒಂದು ವಿಚಾರ. ಲೋಕಸಭಾ ಸದಸ್ಯನೊಬ್ಬನಿಗೆ ಮಾತನಾಡಲು ದೊರೆಯುವ ಕಾಲವೆಷ್ಟು, ಅವನ ವಾರವೆಂಬುದು ಹೇಗೆ ಸಾಗುತ್ತದೆ, ಆ ವಾರಕ್ಕೂ ನಮ್ಮ ಶಿವಮೊಗ್ಗ ಭದ್ರಾವತಿಗಳಿಗೂ ಏನು ಸಂಬಂಧ, ಎಂಬುದು ಇನ್ನೊಂದು ವಿಚಾರ. ಈ ಎರಡನೆಯದನ್ನು ಕೇಳುವವರು ಅಪರೂಪ. ಅನುಭವಮಂಟಪವನ್ನು ಪಾರ್ಲಿಮೆಂಟಿಗೆ ಹೋಲಿಸಿ ಭಾಷಣ ಮಾಡುವುದು ವಾಡಿಕೆಯಾಗಿದೆ. ಹೋಲಿಸುವ ಮುನ್ನ ಪಾರ್ಲಿಮೆಂಟಿನಲ್ಲಿ ಏನು ನಡೆಯುತ್ತದೆಂಬುದನ್ನಾದರೂ ತಿಳಿದುಕೊಳ್ಳುವುದು ಲೇಸು.

ಅಧಿವೇಶನ ನಡೆಯುವಾಗ ಲೋಕಸಭೆಯು ಸೋಮವಾರದಿಂದ ಶುಕ್ರವಾರದವರೆಗೆ ಸೇರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಪ್ರಶ್ನೋತ್ತರ ವೇಳೆ. ಮಂತ್ರಿಯು ಬಾಯಿಯಿಂದ ಉತ್ತರ ಹೇಳಬೇಕಾದ ಪ್ರಶ್ನೆಗೆ ಚುಕ್ಕೆ ಗುರುತಿನ ಪ್ರಶ್ನೆಯೆಂದು ಹೆಸರು. ಬರವಣಿಗೆಯಲ್ಲಿ ಉತ್ತರ ಕೊಟ್ಟರೆ ಸಾಕೆಂಬುದಕ್ಕೆ ಚುಕ್ಕೆಯಿಲ್ಲ. ಈಗಿನ ಕ್ರಮದಲ್ಲಿ ದಿನಕ್ಕೆ ಇಪ್ಪತ್ತು ಚುಕ್ಕೆ ಪ್ರಶ್ನೆಗಳೂ ಇನ್ನೂರಮೂವತ್ತು ಚುಕ್ಕೆಯಿಲ್ಲದ ಪ್ರಶ್ನೆಗಳೂ ಪಟ್ಟಿಗೆ ಬರುತ್ತವೆ. ಹನ್ನೆರಡರ ಅನಂತರ ಶೂನ್ಯವೇಳೆ. ನಿಯಮಾವಳಿಯಲ್ಲಿ ಹೆಸರೇ ಇಲ್ಲದ ಈ ವೇಳೆಯಲ್ಲಿ ಊರಿನ ತುರ್ತು ಸಂಗತಿಗಳನ್ನು ಎತ್ತಲು ಸದಸ್ಯರು ಪೈಪೋಟಿ ನಡೆಸುತ್ತಾರೆ. ತರುವಾಯ ಮಸೂದೆಗಳು, ಬೇಡಿಕೆಗಳು. ಶುಕ್ರವಾರದ ಕೊನೆಯ ಎರಡೂವರೆ ತಾಸು ಮಾತ್ರ ಖಾಸಗಿ ಸದಸ್ಯರದು; ಅಂದರೆ ಮಂತ್ರಿಯಲ್ಲದ ಸದಸ್ಯನು ತನ್ನದೇ ಮಸೂದೆಯನ್ನೋ ಗೊತ್ತುವಳಿಯನ್ನೋ ತರಬಹುದಾದ ಕಾಲ. ಸ್ವಾತಂತ್ರ್ಯಾನಂತರ ಇಂದಿನವರೆಗೆ ಹೀಗೆ ತಂದ ಮಸೂದೆಗಳಲ್ಲಿ ಕಾನೂನಾದುವು ಹದಿನಾಲ್ಕು ಮಾತ್ರ. ಅವುಗಳಲ್ಲಿ ಕಡೆಯದು ಪಟೇಲರು ಸದಸ್ಯರಾಗಿದ್ದ ನಾಲ್ಕನೆಯ ಲೋಕಸಭೆಯ ಕಾಲದ್ದು, ೧೯೭೦ರದು. ಆಮೇಲೆ ಒಂದೂ ಇಲ್ಲ. ಶುಕ್ರವಾರದ ಆ ಎರಡೂವರೆ ತಾಸು ಬರಬರುತ್ತ ಬರಿದಾಗಿಹೋಯಿತೆಂದು ಹೇಳಿದರೆ ತಪ್ಪಾಗಲಾರದು.

ಬರಿದಾಗಲು ಪ್ರಯಾಣವೂ ಒಂದು ಕಾರಣವಿರಬೇಕು. ೧೯೬೭ರಲ್ಲಿ ದೆಹಲಿಯಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಬರಲು ಎರಡು ದಿನಕ್ಕೂ ಮೀರಿ ಹಿಡಿಯುತ್ತಿತ್ತು. ವಾರಕ್ಕೊಮ್ಮೆ ಊರಿಗೆ ಬಂದುಹೋಗುವ ಮಾತೇ ಇರಲಿಲ್ಲ. ಅಧಿವೇಶನ ಮುಗಿಯುವವರೆಗೆ ಸದಸ್ಯನು ಅಲ್ಲಿಯೇ ಇರುತ್ತಿದ್ದನು, ಗ್ರಂಥಾಲಯದಲ್ಲಿ ಓದುತ್ತಿದ್ದನು. ಈಗ ಸೋಗಾನೆಯಲ್ಲಿ ವಿಮಾನನಿಲ್ದಾಣವಿದೆ. ೨೦೨೩ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆಯಾಯಿತು. ಸದಸ್ಯರು ಶನಿವಾರ ಊರಿನಲ್ಲಿರಬೇಕೆಂದು ಜನ ಬಯಸುತ್ತಾರೆ. ಮದುವೆ, ಗೃಹಪ್ರವೇಶ, ಜಾತ್ರೆ, ಶಂಕುಸ್ಥಾಪನೆ, ಯಾವುದಕ್ಕೆ ಬಾರದಿದ್ದರೂ ಅಸಮಾಧಾನ. ಮಠಮಾನ್ಯಗಳ ಸಮಾರಂಭಗಳೂ ಈ ಮಾತಿಗೆ ಹೊರತಲ್ಲ.

ಇನ್ನು ೧೯೬೭ರಿಂದ ೧೯೭೦ರ ಡಿಸೆಂಬರಿನವರೆಗೆ, ಅಂದರೆ ಆ ಲೋಕಸಭೆಯು ವಿಸರ್ಜಿತವಾಗುವವರೆಗೆ, ಒಂದು ವಾರದ ಕಾರ್ಯಸೂಚಿಯಲ್ಲಿ ಎಂತೆಂತಹ ವಿಷಯಗಳು ಬಂದು ಬೀಳುತ್ತಿದ್ದುವೆಂಬುದನ್ನು ನೋಡೋಣ. ಆಗ ದೇಶದಲ್ಲಿ ಆಹಾರದ ಅಭಾವ. ಬಿಹಾರದಲ್ಲಿ ಬರ. ಅಮೆರಿಕದಿಂದ ಪಿ. ಎಲ್. ೪೮೦ ಒಪ್ಪಂದದ ಗೋಧಿ ಹಡಗಿನಲ್ಲಿ ಬರಬೇಕಾಗಿತ್ತು. ೧೯೬೬ರ ಜೂನಿನಲ್ಲಿ ರೂಪಾಯಿಯ ಮೌಲ್ಯವನ್ನು ಇಳಿಸಿದ್ದರಿಂದ ಡಾಲರಿಗೆ ೪.೭೬ ರೂಪಾಯಿಯಿದ್ದುದು ೭.೫೦ ರೂಪಾಯಿಯಾಗಿತ್ತು. ೧೯೬೭ರ ಜೂನಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧ ನಡೆದು ಸೂಯೆಜ್ ಕಾಲುವೆ ಮುಚ್ಚಿತು. ಅದು ಮತ್ತೆ ತೆರೆದದ್ದು ೧೯೭೫ರಲ್ಲಿ. ಹಡಗುಗಳು ಆಫ್ರಿಕವನ್ನು ಬಳಸಿ ಬರಬೇಕಾಯಿತು. ಗೃಹಿಣಿಯೊಬ್ಬಳು ಶಿವಮೊಗ್ಗದ ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಾಗ ಅವಳ ಚೀಲಕ್ಕೂ ಈಜಿಪ್ಟಿನ ಕಾಲುವೆಗೂ ಸಂಬಂಧವಿತ್ತೆಂಬುದನ್ನು ಯೋಚಿಸಿರಿ. ಇದನ್ನು ಗೃಹನೀತಿಯೆನ್ನೋಣವೋ, ವಿದೇಶಾಂಗ ನೀತಿಯೆನ್ನೋಣವೋ?

ಅದೇ ೧೯೬೭ರ ಆಗಸ್ಟಿನಲ್ಲಿ ಮಹಾಜನ ಆಯೋಗದ ವರದಿ ಬಂದಿತು. ಬೆಳಗಾವಿ ಮೈಸೂರು ರಾಜ್ಯದಲ್ಲಿಯೇ ಇರಲೆಂದೂ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡಿನ ಭಾಗ ಮೈಸೂರಿಗೆ ಸೇರಲೆಂದೂ ಅದು ಹೇಳಿತು. ಡಿಸೆಂಬರಿನಲ್ಲಿ ಅಧಿಕೃತ ಭಾಷೆಗಳ ತಿದ್ದುಪಡಿ ಮಸೂದೆಯ ಮೇಲೆ ಕಾವೇರಿದ ಚರ್ಚೆ ನಡೆಯಿತು. ೧೯೬೮ರ ಫೆಬ್ರವರಿಯಲ್ಲಿ ಕಛ್ ನ್ಯಾಯಮಂಡಳಿಯ ತೀರ್ಪು ಬಂದು, ವಿವಾದದಲ್ಲಿದ್ದ ನೆಲದ ಹತ್ತರಲ್ಲೊಂದು ಪಾಲು ಪಾಕಿಸ್ತಾನಕ್ಕೆ ಹೋಯಿತು. ಆಗಸ್ಟ್ ೨೧ರಂದು ಸೋವಿಯತ್ ಸೇನೆ ಚೆಕೊಸ್ಲೊವಾಕಿಯವನ್ನು ಪ್ರವೇಶಿಸಿತು. ವಿಶ್ವಸಂಸ್ಥೆಯ ಭದ್ರತಾ ಸಮಿತಿಯಲ್ಲಿ ಭಾರತವು ಮತ ಹಾಕದೆ ತಟಸ್ಥವಾಗುಳಿಯಿತು. ಇದನ್ನು ಒಪ್ಪದೆ, ಹಿಂದೆ ಸಮಾಜವಾದಿಯಾಗಿದ್ದ ಅಶೋಕ ಮೆಹ್ತಾ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ದೂರದ ದೇಶವೊಂದರ ಸ್ವಾತಂತ್ರ್ಯಕ್ಕಾಗಿ ಭಾರತದ ಮಂತ್ರಿಯೊಬ್ಬರು ಅಧಿಕಾರವನ್ನು ಬಿಟ್ಟ ಈ ಪ್ರಸಂಗವನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಮರೆತವೋ ತಿಳಿಯದು. ೧೯೬೯ರ ಜುಲೈಯಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ. ೧೯೭೦ರಲ್ಲಿ ರಾಜಧನ ರದ್ದತಿಯ ಮಸೂದೆ. ಇವು ಎಲ್ಲರಿಗೂ ತಿಳಿದವೇ ಆದುದರಿಂದ ಬೆಳೆಸುವುದಿಲ್ಲ.

ಈಗ ಭದ್ರಾವತಿಗೆ ಬರೋಣ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲದ ಈ ಊರಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ೧೯೧೮ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ತೊಡಗಿ, ೧೯೨೩ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಎಲ್ಲವೂ ಸ್ಥಳೀಯವೇ. ಆದರೆ ಬೆಲೆ ಮಾತ್ರ ಸ್ಥಳೀಯವಾಗಿರಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಜಗತ್ತಿನಲ್ಲಿ ಕಬ್ಬಿಣದ ಬೆಲೆ ಕುಸಿಯಿತು. ಕಾರ್ಖಾನೆಯು ಹುಟ್ಟುತ್ತಲೇ ನಷ್ಟವನ್ನು ಕಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ ಅದನ್ನು ನಿಲ್ಲಿಸಬೇಕಾಯಿತು. ಹೊರದೇಶದ ಗಾಳಿ ಭದ್ರಾವತಿಯ ಕುಲುಮೆಯನ್ನು ಊದಿದ್ದೂ ಉಂಟು, ಆರಿಸಿದ್ದೂ ಉಂಟು. ಇದು ನೂರು ವರ್ಷದ ಕಥೆ.

ಆ ಕಾರ್ಖಾನೆಯು ಮೈಸೂರು ಸರ್ಕಾರದ್ದಾಗಿದ್ದಷ್ಟು ಕಾಲ ಅದರ ಬಗೆಗೆ ಪ್ರಶ್ನೆ ಕೇಳತಕ್ಕ ಸ್ಥಳ ಬೆಂಗಳೂರೇ ಆಗಿತ್ತು. ೧೯೬೨ರಲ್ಲಿ ಅದು ರಾಜ್ಯ ಮತ್ತು ಕೇಂದ್ರ ಸರ್ಕಾರಗಳೆರಡರ ಪಾಲಿರುವ ಕಂಪನಿಯಾಯಿತು. ೧೯೮೯ರಲ್ಲಿ ಸ್ಟೀಲ್ ಅಥಾರಿಟಿಯ ಅಂಗಸಂಸ್ಥೆಯಾಯಿತು. ೧೯೯೮ರಲ್ಲಿ ಅದರೊಳಗೇ ವಿಲೀನವಾಯಿತು. ಹೀಗೆ ಒಡೆತನವು ಹೆಜ್ಜೆಹೆಜ್ಜೆಯಾಗಿ ದೆಹಲಿಗೆ ಸರಿದಂತೆ, ಭದ್ರಾವತಿಯ ಕಾರ್ಮಿಕನ ಅನ್ನದ ಪ್ರಶ್ನೆಯು ವಿಧಾನಸೌಧದಿಂದ ಲೋಕಸಭೆಯ ಆ ಹನ್ನೊಂದು ಗಂಟೆಯ ವೇಳೆಗೆ ಸರಿಯಿತು. ಹಿಂದಿನ ಕಾಲದ ಸದಸ್ಯನಿಗೆ ಭದ್ರಾವತಿಯು ಹೆಮ್ಮೆಯ ವಿಷಯವಾಗಿದ್ದರೆ ಸಾಕಾಗಿತ್ತು. ಈಗಿನವನಿಗೆ ಅದೇ ಮುಖ್ಯ ಕೆಲಸವಾಗಬೇಕಾಯಿತು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರಶ್ನೋತ್ತರ ವೇಳೆಗಾಗಿ ಮಂತ್ರಾಲಯಗಳನ್ನೆಲ್ಲ ಐದು ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೆ ವಾರದ ಒಂದೊಂದು ದಿನವನ್ನು ಗೊತ್ತುಮಾಡಿರುತ್ತಾರೆ. ಉಕ್ಕಿನ ಮಂತ್ರಿ ಒಂದು ದಿನ ಉತ್ತರ ಹೇಳಿದರೆ, ವಾಣಿಜ್ಯ ಮಂತ್ರಿಯದೂ ಹಣಕಾಸಿನ ಮಂತ್ರಿಯದೂ ಬೇರೆ ದಿನಗಳಾಗಿರಬಹುದು. ಭದ್ರಾವತಿಯ ಕಷ್ಟವೋ ಇವರೆಲ್ಲರಿಗೂ ಸೇರಿದ್ದು. ಕಾರ್ಖಾನೆಗೆ ಸ್ವಂತ ಗಣಿಯಿಲ್ಲವೆಂದರೆ ಅದು ಉಕ್ಕು ಮತ್ತು ಗಣಿ ಮಂತ್ರಾಲಯಗಳ ವಿಷಯ. ಕೊರಿಯದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದ ೨೦೧೦ರ ಜನವರಿಯಲ್ಲಿಯೂ ಜಪಾನಿನೊಡನೆ ಮಾಡಿಕೊಂಡದ್ದು ೨೦೧೧ರ ಆಗಸ್ಟಿನಲ್ಲಿಯೂ ಜಾರಿಗೆ ಬಂದು, ಆ ದೇಶಗಳ ಉಕ್ಕಿಗೆ ಸುಂಕ ಇಳಿಯಿತೆಂದರೆ ಅದು ವಾಣಿಜ್ಯದ ವಿಷಯ. ಕಾರ್ಖಾನೆಯನ್ನು ಮಾರಬೇಕೋ ಬೇಡವೋ ಎಂಬುದು ಹಣಕಾಸಿನ ವಿಷಯ. ೨೦೧೬ರ ಫೆಬ್ರವರಿಯಲ್ಲಿ ಕೇಂದ್ರವು ಉಕ್ಕಿನ ಹಲವು ಉತ್ಪನ್ನಗಳಿಗೆ ಕನಿಷ್ಠ ಆಮದು ಬೆಲೆಯನ್ನು ವಿಧಿಸಿ ದೇಶದ ಕಾರ್ಖಾನೆಗಳನ್ನು ರಕ್ಷಿಸಲು ಹೊರಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಮಾರಲು ತಾತ್ತ್ವಿಕ ಒಪ್ಪಿಗೆಯನ್ನೂ ಕೊಟ್ಟಿತು. ಒಂದು ಕೈ ಕಾಯುತ್ತಿದ್ದಾಗ ಇನ್ನೊಂದು ಕೈ ಬಿಡುತ್ತಿತ್ತು. ಮಂಗಳವಾರದ ಉತ್ತರವನ್ನೂ ಗುರುವಾರದ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವರಿಗೆ ಮಾತ್ರ ಇದು ಕಾಣಿಸುತ್ತದೆ.

ಕೊಳ್ಳುವವರು ದೊರೆಯದೆ ೨೦೨೨ರ ಅಕ್ಟೋಬರಿನಲ್ಲಿ ಮಾರಾಟದ ಪ್ರಯತ್ನವು ರದ್ದಾಯಿತು. ೨೦೨೩ರ ಜನವರಿಯಲ್ಲಿ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿದ್ದಿತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅಂಗಡಿಗಳು ಬಾಗಿಲು ಹಾಕಿದುವು. ಅದೇ ವರ್ಷದ ಆಗಸ್ಟಿನಲ್ಲಿ ಕೆಲವು ವಿಭಾಗಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು. ಉಸಿರು ಇದೆ, ಬಲ ಬಂದಿಲ್ಲ.

ಕಾಗದದ ಕಾರ್ಖಾನೆಯ ಕಥೆ ಇದಕ್ಕಿಂತ ಕರುಣಾಜನಕ. ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯು ೧೯೭೭ರಲ್ಲಿ ಸರ್ಕಾರಿ ಕಂಪನಿಯಾಗಿ, ಮುಂದೆ ಪತ್ರಿಕಾ ಕಾಗದವನ್ನೂ ತಯಾರಿಸತೊಡಗಿತು. ಪತ್ರಿಕಾ ಕಾಗದದ ಆಮದು ಸರ್ಕಾರದ ಹಿಡಿತದಲ್ಲಿದ್ದಷ್ಟು ಕಾಲ ದೇಶೀಯ ಕಾಗದಕ್ಕೆ ಗಿರಾಕಿ ಇತ್ತು. ತೊಂಬತ್ತರ ದಶಕದಲ್ಲಿ ಆಮದು ಸಡಿಲವಾಯಿತು; ಹೊರದೇಶದ ಕಾಗದ ಅಗ್ಗವಾಗಿ ಬಂದಿತು. ಬೇರೆ ದೋಷಗಳೂ ಇದ್ದುವೆನ್ನಿ, ಆಡಳಿತದ್ದು, ಹಳೆಯ ಯಂತ್ರಗಳದ್ದು. ಅಂತೂ ೨೦೧೫ರಲ್ಲಿ ಉತ್ಪಾದನೆ ನಿಂತಿತು. ೨೦೧೯ರ ಜುಲೈ ಬಜೆಟ್ಟಿನಲ್ಲಿ ಆಮದಾಗುವ ಪತ್ರಿಕಾ ಕಾಗದದ ಮೇಲೆ ನೂರಕ್ಕೆ ಹತ್ತರಂತೆ ಸುಂಕ ಹಾಕಿದರು. ಮರುವರ್ಷ ಅದನ್ನು ಐದಕ್ಕೆ ಇಳಿಸಿದರು. ಭದ್ರಾವತಿ ಬೇಡಬಹುದಾಗಿದ್ದ ಸುಂಕವು ಭದ್ರಾವತಿಯ ಯಂತ್ರಗಳು ನಿಂತ ನಾಲ್ಕು ವರ್ಷದ ಮೇಲೆ ಬಂದಿತು. ಸುಂಕದ ಚರ್ಚೆಯನ್ನು ಹಣಕಾಸಿನ ಪಂಡಿತರಿಗೆ ಬಿಟ್ಟುಬಿಡುವ ಸದಸ್ಯನೂ, ಅವನನ್ನು ಹಾಗೆ ಬಿಟ್ಟುಬಿಡುವ ಮತದಾರನೂ ಈ ತಾರೀಖುಗಳನ್ನು ಗುರುತುಹಾಕಿಕೊಳ್ಳಬೇಕು.

ಶಿವಮೊಗ್ಗದ ಅಡಕೆ ಮಂಡಿಗೆ ಹೋದರೂ ಇದೇ ಮಾತು. ೧೯೩೯ರಲ್ಲಿ ಹುಟ್ಟಿದ ಮಾಮ್ಕೋಸ್ ಸಹಕಾರ ಸಂಘದ ಸದಸ್ಯರಾದ ತೋಟಗಾರರು ನಮ್ಮ ವಾಚಕರಲ್ಲಿಯೂ ಅನೇಕರಿದ್ದೀರಿ. ೧೯೯೮ರ ಡಿಸೆಂಬರಿನಲ್ಲಿ ಶ್ರೀಲಂಕೆಯೊಡನೆ ಮುಕ್ತ ವ್ಯಾಪಾರದ ಒಪ್ಪಂದವಾಗಿ ೨೦೦೦ದ ಮಾರ್ಚಿನಲ್ಲಿ ಜಾರಿಗೆ ಬಂದಂದಿನಿಂದ ಹೊರಗಿನ ಅಡಕೆಯ ಭಯ ನಿಮಗೆ ತಪ್ಪಿಲ್ಲ. ಕನಿಷ್ಠ ಆಮದು ಬೆಲೆಯನ್ನು ೨೦೧೭ರ ಜನವರಿಯಲ್ಲಿ ಕಿಲೋಗೆ ೨೫೧ ರೂಪಾಯಿಗೂ, ೨೦೨೩ರ ಫೆಬ್ರವರಿಯಲ್ಲಿ ೩೫೧ ರೂಪಾಯಿಗೂ ಏರಿಸಿದರು. ಇವುಗಳ ನಡುವೆ, ೨೦೨೨ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ ಹದಿನೇಳು ಸಾವಿರ ಟನ್ ಹಸಿ ಅಡಕೆಯನ್ನು ಆ ಬೆಲೆಯ ಕಟ್ಟಿಲ್ಲದೆ ತರಲು ಅನುಮತಿಯಾಯಿತು. ಭೂತಾನವು ನಮ್ಮ ನೆರೆಯ ಮಿತ್ರರಾಷ್ಟ್ರ. ಚೀನದ ಗಡಿಗೆ ಹೊಂದಿಕೊಂಡ ನಾಡು. ಅದರ ಸ್ನೇಹ ದೇಶಕ್ಕೆ ಅವಶ್ಯಕ. ಆ ಸ್ನೇಹದ ಬೆಲೆಯಲ್ಲಿ ಒಂದು ಪಾಲನ್ನು ತೀರ್ಥಹಳ್ಳಿಯ, ಸಾಗರದ ತೋಟದವನು ತೆರಬೇಕಾದರೆ, ಅದನ್ನು ಸಭೆಯಲ್ಲಿ ಎದ್ದು ಹೇಳತಕ್ಕವರು ಯಾರು? ಅಡಕೆಯ ಸದಸ್ಯರು ಹೇಳದಿದ್ದರೆ ಗೋಧಿಯ ಸದಸ್ಯರು ಹೇಳುವುದಿಲ್ಲ.

೧೯೬೭ಕ್ಕೂ ಇಂದಿಗೂ ಸದಸ್ಯನ ಸ್ಥಿತಿ ಒಂದೇ ಅಲ್ಲವೆಂಬುದನ್ನು ಒಪ್ಪಬೇಕು. ೧೯೮೫ರ ಪಕ್ಷಾಂತರ ನಿಷೇಧದ ತಿದ್ದುಪಡಿಯಾದ ಮೇಲೆ ಪಕ್ಷದ ವಿಪ್ಪಿಗೆ ವಿರುದ್ಧವಾಗಿ ಮತ ಕೊಟ್ಟವನು ಸ್ಥಾನವನ್ನೇ ಕಳೆದುಕೊಳ್ಳಬೇಕಾಗಬಹುದು. ಅರುವತ್ತೇಳರ ಪಕ್ಷಾಂತರಗಳ ಜಾತ್ರೆಯನ್ನು ಕಂಡವರು ಆ ಕಾನೂನನ್ನು ದೂಷಿಸಲಾರರು. ಆದರೆ ಮತವು ಪಕ್ಷದ್ದಾದ ಮೇಲೆ ಸದಸ್ಯನ ಕೈಯಲ್ಲಿ ಸ್ವಂತದ್ದೆಂದು ಉಳಿದಿರುವುದು ಪ್ರಶ್ನೆ. ಪ್ರಶ್ನೆಗೆ ವಿಪ್ ಇಲ್ಲ. ಆಳುವ ಪಕ್ಷದವನೂ ಕೇಳಬಹುದು. ಮತ್ತೊಂದು ಸಾಧನ, ೧೯೯೩ರಲ್ಲಿ ಏರ್ಪಟ್ಟ ಇಲಾಖಾವಾರು ಸ್ಥಾಯೀಸಮಿತಿಗಳು. ಇವು ಬಾಗಿಲು ಮುಚ್ಚಿ ಕುಳಿತು ಅಧಿಕಾರಿಗಳನ್ನು ವಿಚಾರಿಸುತ್ತವೆ. ಕ್ಯಾಮರಾ ಇಲ್ಲದಿರುವುದರಿಂದಲೋ ಏನೋ, ಸಭೆಗಿಂತ ಹೆಚ್ಚು ಕೆಲಸ ಇಲ್ಲಿಯೇ ನಡೆಯುತ್ತದೆಂಬ ಪ್ರತೀತಿಯುಂಟು. ೨೦೨೦ರ ಸೆಪ್ಟೆಂಬರಿನಲ್ಲಿ ಸಾಂಕ್ರಾಮಿಕದ ಕಾರಣ ಹೇಳಿ ಪ್ರಶ್ನೋತ್ತರ ವೇಳೆಯಿಲ್ಲದೆಯೇ ಅಧಿವೇಶನ ನಡೆಸಿದಾಗ ದೇಶದಲ್ಲಿ ಎದ್ದ ಗದ್ದಲಕ್ಕಿಂತ, ಊರಿನ ರಸ್ತೆಯೊಂದರ ಡಾಂಬರು ಕಿತ್ತುಹೋದಾಗ ಏಳುವ ಗದ್ದಲವೇ ದೊಡ್ಡದು.

ಪಟೇಲರು ಮುಂದೆ ರಾಜ್ಯ ರಾಜಕಾರಣಕ್ಕೆ ಬಂದರು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು. ೧೯೯೬ರ ಮೇ ೩೧ರಂದು ಮುಖ್ಯಮಂತ್ರಿಗಳಾಗಿ ೧೯೯೯ರ ಅಕ್ಟೋಬರಿನವರೆಗೆ ಆಳಿದರು. ೧೯೯೭ರಲ್ಲಿ ಅವರ ಸರ್ಕಾರವು ಹೊಸ ಜಿಲ್ಲೆಗಳನ್ನು ರಚಿಸಿದಾಗ ಅವರ ಸ್ವಂತ ತಾಲ್ಲೂಕು ಚನ್ನಗಿರಿಯೇ ಶಿವಮೊಗ್ಗವನ್ನು ಬಿಟ್ಟು ದಾವಣಗೆರೆಗೆ ಸೇರಿತು. ಇಂದು ಕಾರಿಗನೂರು ಶಿವಮೊಗ್ಗದ ಸದಸ್ಯರ ಕ್ಷೇತ್ರದಲ್ಲಿಯೇ ಇಲ್ಲ. ೨೦೦೦ದ ಡಿಸೆಂಬರ್ ೧೨ರಂದು ಅವರು ಲಿಂಗೈಕ್ಯರಾದರು.

ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಲೋಕಸಭಾ ಸದಸ್ಯರಿಗೊಂದು ಶಿಫಾರಸು ಪತ್ರ ಬರೆದುಕೊಡಿರೆಂದು ಕೇಳುವುದುಂಟು. ಮಗನ ವರ್ಗಾವಣೆ, ಮೊಮ್ಮಗಳ ಕಾಲೇಜು ಸೀಟು. ಅವರ ಕಷ್ಟ ಕಷ್ಟವೇ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮಠದ ಶಾಲೆಗಳಲ್ಲಿ ಓದಿ ಇಂದು ಕಾರ್ಖಾನೆಯ ಕಾಲೊನಿಗಳಲ್ಲಿ, ಅಡಕೆ ಮಂಡಿಗಳಲ್ಲಿ, ಬ್ಯಾಂಕು ಕಾಲೇಜುಗಳಲ್ಲಿ ಇರುವ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಎಷ್ಟು ಮಂದಿ ನಮ್ಮ ಸದಸ್ಯರು ಕಳೆದ ಅಧಿವೇಶನದಲ್ಲಿ ಕೇಳಿದ ಪ್ರಶ್ನೆಗಳನ್ನೂ ಅವುಗಳಿಗೆ ಬಂದ ಉತ್ತರಗಳನ್ನೂ ಓದಿದ್ದೀರಿ? ಅವು ಗುಟ್ಟಲ್ಲ. ಲೋಕಸಭೆಯ ಜಾಲತಾಣದಲ್ಲಿ ಸದಸ್ಯರ ಹೆಸರಿನಡಿಯಲ್ಲಿಯೇ ದೊರೆಯುತ್ತವೆ.

ಪ್ರಶ್ನೆಯೊಂದಕ್ಕೆ ಹದಿನೈದು ದಿನ ಮೊದಲೇ ಸೂಚನೆ ಕೊಡಬೇಕು. ಒಬ್ಬ ಸದಸ್ಯನ ಒಂದೇ ಚುಕ್ಕೆ ಪ್ರಶ್ನೆ ಒಂದು ದಿನದ ಪಟ್ಟಿಗೆ ಬರಬಹುದು. ಅದೂ ಚೀಟಿ ಎತ್ತಿದಾಗ ಹೆಸರು ಬಂದರೆ. ಬಂದಿತೆನ್ನೋಣ. ಮಂತ್ರಿಗಳು ಎದ್ದು ಇಲಾಖೆ ಬರೆದುಕೊಟ್ಟ ಉತ್ತರವನ್ನು ಸಭೆಯ ಮುಂದಿಡುತ್ತಾರೆ. ಆ ಮೇಲೆ ಸದಸ್ಯರಿಗೆ ಉಪಪ್ರಶ್ನೆಯ ಅವಕಾಶ, ಒಂದೆರಡು ನಿಮಿಷ. ಕಾರ್ಖಾನೆಗೆ ತಿಂಗಳಿಗೆ ಎಷ್ಟು ಅದಿರು ಬೇಕು, ಎಲ್ಲಿಂದ ಬರುತ್ತಿದೆ, ವ್ಯಾಗನ್ನಿನ ಬಾಡಿಗೆ ಎಷ್ಟು, ಗುತ್ತಿಗೆಯವರ ಕೈಗೆ ಸಿಗುವ ಕೂಲಿ ಎಷ್ಟು, ಮಂಡಿಯಲ್ಲಿ ಹೊರಗಿನ ಅಡಕೆ ಯಾವ ತಿಂಗಳಲ್ಲಿ ಕಾಣಿಸಿಕೊಂಡಿತು, ಆಗ ರಾಶಿ ಅಡಕೆಯ ದರ ಎಷ್ಟಕ್ಕೆ ಇಳಿಯಿತು, ಇವನ್ನೆಲ್ಲ ಬಲ್ಲವರು ದೆಹಲಿಯ ಗ್ರಂಥಾಲಯದಲ್ಲಿಲ್ಲ. ಹಳೆ ನಗರದಲ್ಲಿಯೂ ಕಾಗದನಗರದಲ್ಲಿಯೂ ಶಿವಮೊಗ್ಗದ ಮಂಡಿಯಲ್ಲಿಯೂ ಇದ್ದಾರೆ. ಆ ಲಕೋಟೆ ಇಲ್ಲಿಂದ ಹೊರಡಬೇಕು. ಹದಿನೈದು ದಿನಕ್ಕೆ ಮೊದಲೇ ಹೊರಡಬೇಕು.